ಬೂಬಮ್ಮನ ತಗಡು

ಟಿಣ್...

ಅಷ್ಟೇ ಸದ್ದು. ತಗಡಿಗೆ ತಗಡು ತಾಗಿದಾಗ ಬರುವ ಸಣ್ಣ ಸದ್ದು. ಇಷ್ಟು ವರ್ಷ ಎಲ್ಲಿ ಅಡಗಿ ಕೂತಿತ್ತೋ, ಹೋದ ವಾರ ಮೈಸೂರಿನಲ್ಲಿ ಮೊಮ್ಮಗಳ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಕಿವಿಗೆ ಬಿತ್ತು. ಲೋಟ ಕೆಳಗಿಟ್ಟೆ.

ಮೊಮ್ಮಗಳು ತನ್ನ ಇಬ್ಬರು ಮಕ್ಕಳಿಗೆಂದು ಫ್ರಿಡ್ಜಿನ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದ್ದಾಳೆ. ಹಲ್ಲುಜ್ಜುವ ಬ್ರಷ್ಷು, ಮಡಿಸಿಟ್ಟ ಹೊದಿಕೆ, ಜೋಡಿ ಶೂ, ಗಿಡಕ್ಕೆ ನೀರು ಹಾಕುವ ಕ್ಯಾನು, ಎಲ್ಲಕ್ಕೂ ಒಂದೊಂದು ಬಣ್ಣದ ಚಿತ್ರ. ಕೆಲಸ ಮುಗಿಸಿದ ಮಗು ಓಡಿಬಂದು ಆ ಚಿತ್ರದ ಪಕ್ಕ ತನ್ನ ಮ್ಯಾಗ್ನೆಟ್ ಇಡಬೇಕು. ಕಿರಿಯವಳಿಗೆ ಇನ್ನೂ ಅಕ್ಷರ ಬಾರದು. ತುದಿಗಾಲಲ್ಲಿ ನಿಂತು ಶೂ ಚಿತ್ರದ ಪಕ್ಕ ತನ್ನದನ್ನು ಇಟ್ಟಳು. ಟಿಣ್. "ಇದು ಲೇಟೆಸ್ಟ್ ಮೆಥಡ್ ಅಜ್ಜಿ, ಕೂಗಾಡೋ ಹಾಗೇ ಇಲ್ಲ" ಎಂದಳು ಮೊಮ್ಮಗಳು. ನಾನು ಹೂಂ ಎಂದೆ.

ಆದರೆ ನನ್ನ ಕಣ್ಣು ಆ ಚಾರ್ಟಿನಲ್ಲಿ ಬೇರೇನನ್ನೋ ಹುಡುಕುತ್ತಿತ್ತು. ಮಕ್ಕಳ ಚಿತ್ರ ಇದೆಯೋ ಇಲ್ಲವೋ ಎಂದು. ಇತ್ತು. ಮೇಲುಗಡೆ ಇಬ್ಬರ ಫೋಟೋನೂ ಇತ್ತು. ಸದ್ಯ ಅನ್ನಿಸಿತು. ಯಾಕೆ ಹಾಗನ್ನಿಸಿತು ಎಂದು ಅವಳಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಎರಡನೇ ಮಹಾಯುದ್ಧದ ಕಾಲ ಅದು. ನಾವು ಮಂಡ್ಯದಲ್ಲಿದ್ದೆವು. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಡೆ ಗುಮಾಸ್ತರು. ಬೀದಿ ಎಷ್ಟು ಕಿರಿದೆಂದರೆ ಎರಡು ಎತ್ತಿನ ಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕು. ಕಬ್ಬು ಅರೆಯುವ ತಿಂಗಳುಗಳಲ್ಲಿ ಇಡೀ ಊರಿಗೆ ಕಾಕಂಬಿಯ ವಾಸನೆ, ಒಗೆದ ಬಟ್ಟೆಗೂ ಅದೇ ವಾಸನೆ. ಗಡಿಯಾರ ಯಾರ ಮನೆಯಲ್ಲೂ ಇರಲಿಲ್ಲ. ಕಾರ್ಖಾನೆಯ ಕೂಗೇ ಗಡಿಯಾರ. ಮೊದಲ ಕೂಗಿಗೆ ಏಳುವುದು, ಎರಡನೆಯದಕ್ಕೆ ಉಣ್ಣುವುದು, ಮೂರನೆಯದಕ್ಕೆ ದೀಪದ ಗಾಜು ಒರೆಸುವುದು.

ನಮ್ಮ ಜಗುಲಿಯ ನೇರ ಎದುರಿಗೆ ಟ್ರಂಕಿನ ಸಾಬರ ಮನೆ. ಸಾಬರು ತಗಡು ಬಡಿದು ಟ್ರಂಕು ಮಾಡುತ್ತಿದ್ದರು, ಅವರ ಹೆಂಡತಿ ಹೊಸಿಲಲ್ಲಿ ಕೂತು ಅದಕ್ಕೆ ಬಣ್ಣದ ಚಿತ್ರ ಬರೆಯುತ್ತಿದ್ದಳು. ಬೀದಿಗೆಲ್ಲ ಅವಳು ಬೂಬಮ್ಮ. ನಮ್ಮ ಕಡೆ ಮುಸಲ್ಮಾನರ ಹೆಂಗಸರನ್ನು ಕರೆಯುತ್ತಿದ್ದುದೇ ಹಾಗೆ. ಅವಳ ಹೆಸರೇನು ಎಂದು ನಾನು ಕೇಳಲೇ ಇಲ್ಲ, ಯಾರೂ ಕೇಳಿದಂತಿರಲಿಲ್ಲ... ಈಗ ಕೇಳೋಣವೆಂದರೆ ಹೇಳುವವರಿಲ್ಲ.

ಮದುವೆ ಹೆಣ್ಣುಗಳ ಟ್ರಂಕಿಗೆ ಅವಳು ಬರೆಯುತ್ತಿದ್ದ ಗುಲಾಬಿ ನೋಡಬೇಕು. ಕುಂಚವನ್ನು ಒಂದೇ ಸಲ ತಿರುಗಿಸಿದರೆ ಒಂದು ಎಸಳು. ಬಳ್ಳಿ, ಮೊಗ್ಗು, ಅರ್ಧ ಚಂದ್ರ, ಹೂಜಿ, ಇಷ್ಟೇ. ಗಿಣಿ ಬರಿ, ನವಿಲು ಬರಿ ಎಂದು ಗಿರಾಕಿಗಳು ಗೋಗರೆದರೂ ಬರೆಯುತ್ತಿರಲಿಲ್ಲ. "ಗಿಣಿ ಬೇಕಂದ್ರೆ ಚನ್ನಪಟ್ಣಕ್ಕೋಗಿ, ಮರದ್ ಗಿಣಿ ಸಿಕ್ತದೆ. ಕಾಳಿನ್ ಖರ್ಚೂ ಇಲ್ಲ" ಎಂದು ನಗುತ್ತಿದ್ದಳು. ಜೀವ ಇರುವುದನ್ನು ಬರೆಯಬಾರದು ಎಂಬುದು ಅವಳ ತವರಿನಲ್ಲಿ ಹೇಳಿಕೊಟ್ಟ ಪಾಠ. ಬೇರೆ ಸಾಬರ ಮನೆಗಳಲ್ಲಿ ಅಷ್ಟು ಬಿಗಿ ಇತ್ತೋ ಇಲ್ಲವೋ ಗೊತ್ತಿಲ್ಲ. ಅವಳಲ್ಲಿ ಇತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವ್ವನ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ಮೈಸೂರಿನ ಕ್ಷಯದ ಆಸ್ಪತ್ರೆಗೆ ಸೇರಿಸಬೇಕೆಂದರು. ಎಷ್ಟು ಕಾಲ ಎಂದು ಡಾಕ್ಟರು ಹೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ನಾವು ಮೂವರು ಮಕ್ಕಳು. ನಾನು ಎರಡನೇ ಕ್ಲಾಸು. ತಮ್ಮ ಇನ್ನೂ ಸ್ಕೂಲಿನ ಮೆಟ್ಟಿಲು ಹತ್ತಿರಲಿಲ್ಲ. ಕೊನೆಯವಳು ಪಾಪು, ಆಗಷ್ಟೇ ಮೂರು ತುಂಬಿತ್ತು. ಜಟಕಾ ಬಂದು ನಿಂತಾಗ ಅವ್ವ ನಮ್ಮನ್ನು ಮುಟ್ಟಲಿಲ್ಲ. ದೂರದಲ್ಲೇ ನಿಂತಳು. ಪಾಪು ಕೈ ಚಾಚಿದರೆ ತಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿಂದಕ್ಕೆ ಸರಿದಳು. ಅಪ್ಪನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು.

"ಮೂರ್ ತಟ್ಟೆ ಒಂದೇ ಸಾಲಲ್ಲಿರ್ಲಿ. ಅಷ್ಟ್ ಮಾಡಿ."

ಮಕ್ಕಳನ್ನು ಬೇರೆಬೇರೆ ಮಾಡಬೇಡಿ ಎಂದು ಅದರ ಅರ್ಥ. ನನಗೂ ಅರ್ಥವಾಯಿತು.

ನಾಲ್ಕು ದಿನಕ್ಕೆ ಬೆಸಗರಹಳ್ಳಿಯಿಂದ ಅಜ್ಜಿ ಬಂದಳು, ಅಪ್ಪನ ತಾಯಿ. ಅವಳು ದಾರಿಯಲ್ಲೇ ಎಲ್ಲ ಯೋಚಿಸಿಕೊಂಡು ಬಂದಿದ್ದಳು. ನಾನು ಅವಳ ಜೊತೆ ಬೆಸಗರಹಳ್ಳಿಗೆ, ತಮ್ಮ ಮಳವಳ್ಳಿಯ ದೊಡ್ಡಪ್ಪನ ಮನೆಗೆ, ಪಾಪು ಬೆಳಕವಾಡಿಯಲ್ಲಿದ್ದ ಅತ್ತೆಯ ಮನೆಗೆ. ಅತ್ತೆಗೆ ಮಕ್ಕಳಿರಲಿಲ್ಲ. ಅಪ್ಪ ತಲೆ ಬಗ್ಗಿಸಿಕೊಂಡು ಆಗುವುದಿಲ್ಲ ಎಂದರು. ಅವರು ತಾಯಿಗೆ ಎದುರು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಲ್ಲಾ ಕಣ್ಲಾ," ಎಂದಳು ಅಜ್ಜಿ, "ನೀನು ಅಲ್ಲಿ ಕಬ್ಬು ತೂಗ್ತಾ ಕೂತ್ಕಂಡ್ರೆ ಇಲ್ಲಿ ಇವುನ್ನ ನೋಡೋರ್ ಯಾರ್ಲಾ? ತಾಯಿಲ್ದ ಮನೆ ಮಕ್ಳು ಬುಟ್ಟಿ ಮುಚ್ದೆ ಬುಟ್ಟ ಕೋಳಿ ಮರಿ ಇದ್ದಂಗೆ."

ಕೊನೆಗೆ ಒಂದು ಒಪ್ಪಂದವಾಯಿತು. ಯುಗಾದಿಯವರೆಗೆ ನೋಡುವುದು. ಮಕ್ಕಳು ಮನೆ ಸಂಭಾಳಿಸಿಕೊಂಡು ನೆಟ್ಟಗೆ ಇದ್ದರೆ ಸರಿ, ಇಲ್ಲದಿದ್ದರೆ ಅಜ್ಜಿ ಹೇಳಿದಂತೆ. ಹೊರಡುವಾಗ ಜಗುಲಿಯಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು, ಬೀದಿಗೆಲ್ಲ ಕೇಳಿಸುವ ಹಾಗೆ. ಯಾರನ್ನು ಬೇಕಾದರೂ ಕರೆದುಕೋ, ಎದುರು ಮನೆಯವರಿಗೆ ಮಾತ್ರ ಒಲೆ ಮುಟ್ಟಿಸಬೇಡ ಎಂದು. ಎದುರು ಹೊಸಿಲಲ್ಲಿ ಬೂಬಮ್ಮ ತಲೆ ಎತ್ತದೆ ಗುಲಾಬಿಗೆ ಎಸಳು ಬರೆಯುತ್ತಿದ್ದಳು. ಆ ಕಾಲವೇ ಹಾಗಿತ್ತು ಎನ್ನುತ್ತಾರೆ. ಹಾಗೇ ಇತ್ತು, ನಿಜ. ಆದರೆ ಆ ಎಸಳು ಸ್ವಲ್ಪ ಸೊಟ್ಟಗಾದದ್ದನ್ನು ನಾನು ನೋಡಿದ್ದೆ.

ಮೊದಲ ವಾರ ಮನೆ ಕುರುಕ್ಷೇತ್ರ. ಅಪ್ಪ ಮುಂಜಾನೆ ಮುದ್ದೆ ಕಟ್ಟಿಟ್ಟು ಹೋದರೆ ಮತ್ತೆ ಬರುತ್ತಿದ್ದುದು ಕತ್ತಲಾದ ಮೇಲೆ. ನೀರು ಯಾರು ತರುವುದೆಂದು ನನಗೂ ತಮ್ಮನಿಗೂ ಜಗಳ. ಪಾಪುವಿನ ಹಾಲಿಗೆಂದು ಕಟ್ಟಿದ್ದ ಮೇಕೆಗೆ ಇಬ್ಬರೂ ನೀರು ಕುಡಿಸದೆ ಅದು ಬಾಯಾರಿ ಅರಚುವುದು. ಒಂದು ದಿನ ಗುಡಿಸದ ಮನೆ, ಒಂದು ದಿನ ಮೂರು ಸಲ ಗುಡಿಸಿದ ಮನೆ. ಬೂಬಮ್ಮ ಎದುರಿನಿಂದ ಎಲ್ಲ ನೋಡುತ್ತಿದ್ದಳು. ಎದ್ದು ಬಂದು ಒಂದು ಗಳಿಗೆಯಲ್ಲಿ ಎಲ್ಲವನ್ನೂ ಸರಿ ಮಾಡಬಲ್ಲವಳು. ಬರುವಂತಿಲ್ಲ. ಅಪ್ಪ ಬೇಡ ಅನ್ನುತ್ತಿರಲಿಲ್ಲ, ಆದರೆ ಅಜ್ಜಿಗೆ ಗೊತ್ತಾದರೆ ಯುಗಾದಿಯವರೆಗೂ ಕಾಯುವುದಿಲ್ಲ ಎಂಬುದು ಅವಳಿಗೆ ನಮಗಿಂತ ಚೆನ್ನಾಗಿ ತಿಳಿದಿತ್ತು.

ಒಂದು ಬೆಳಿಗ್ಗೆ ಅವಳು ಸೀಮೆಎಣ್ಣೆ ಡಬ್ಬ ಒಂದನ್ನು ಬಿಚ್ಚಿ, ಬಡಿದು, ಹಲಗೆಯಂತೆ ಚಪ್ಪಟೆ ಮಾಡಿಸಿದಳು. ಯುದ್ಧದಲ್ಲಿ ತಗಡಿಗೆ ಎಷ್ಟು ಬರ ಎಂದರೆ ಸಾಬರು ಟ್ರಂಕು ಬಿಟ್ಟು ಲಾಟೀನಿಗೆ ಬೆಸುಗೆ ಹಾಕಿ ಬದುಕುತ್ತಿದ್ದರು. ಅಂಥದರಲ್ಲಿ ಒಂದು ಇಡೀ ಡಬ್ಬ. ಅದರ ಮೇಲೆ ಟ್ರಂಕಿನ ಬಣ್ಣದಲ್ಲೇ ಮೂರು ಸಾಲು ಚಿತ್ರ ಬರೆದಳು, ಕಾರ್ಖಾನೆಯ ಮೂರು ಕೂಗಿಗೆ ಮೂರು ಸಾಲು. ಮೊದಲ ಸಾಲಿನಲ್ಲಿ ಸುತ್ತಿಟ್ಟ ಚಾಪೆ, ಪೊರಕೆ, ಬಿಂದಿಗೆ, ಅದರ ಪಕ್ಕ ಸಣ್ಣ ಚೆಂಬು. ಎರಡನೆಯದರಲ್ಲಿ ಸಾಲಾಗಿ ಮೂರು ತಟ್ಟೆ, ಪಾತ್ರೆ ತಿಕ್ಕುವ ಬೂದಿ ಮತ್ತು ತೆಂಗಿನ ನಾರು, ಗೂಟ, ಹಗ್ಗ. ಮೂರನೆಯದರಲ್ಲಿ ಒಣಗಿದ ಅಂಗಿ, ದೀಪ, ಬಾಗಿಲ ಅಗುಳಿ. ಒಂದೊಂದು ಚಿತ್ರದ ಕೆಳಗೂ ಸಾಬರು ಒಂದೊಂದು ಕೊಕ್ಕೆ ಬೆಸೆದರು. ಉಳಿದ ಚೂರುಗಳಲ್ಲಿ ಕಾಸಿನಗಲ ಬಿಲ್ಲೆಗಳು, ನನಗೆ ಕೆಂಪು, ತಮ್ಮನಿಗೆ ನೀಲಿ, ಪಾಪುವಿಗೆ ಹಸಿರು. ಕೆಲಸ ಮುಗಿಸಿದವರು ತಮ್ಮ ಬಿಲ್ಲೆಯನ್ನು ಆ ಕೊಕ್ಕೆಗೆ ತಗುಲಿಸಬೇಕು. ತಗಡನ್ನು ನಮ್ಮ ಜಗುಲಿಯ ಗೋಡೆಗೆ ಹೊಡೆಯಲು ಅಪ್ಪನಿಗೆ ಹೇಳಿದಳು, ತನ್ನ ಹೊಸಿಲಿಗೆ ನೇರ ಕಾಣುವ ಹಾಗೆ.

ಕೈಯಲ್ಲಿ ಮಾಡಿಕೊಡಲಾಗದ್ದನ್ನು ಅವಳು ಹಾಗೆ ಬೀದಿಯ ಆಚೆಯಿಂದಲೇ ಮಾಡಿಸಿದಳು. ಅವಳಿಗೆ ಓದು ಬಾರದು, ತಮ್ಮನಿಗೂ ಪಾಪುವಿಗೂ ಬಾರದು. ಚಿತ್ರ ಎಲ್ಲರಿಗೂ ಬರುತ್ತಿತ್ತು. ಬಿಲ್ಲೆ ಬಿದ್ದಾಗ ಟಿಣ್ ಎನ್ನುವುದು, ಕುಂಚ ಬಿಡದೆ ಅವಳು ಒಂದು ಕಿವಿ ಈ ಕಡೆ ವಾಲಿಸುವುದು. ಮೊದಲ ದಿನವೇ ತಮ್ಮ ಒಂದು ಕೆಲಸವನ್ನೂ ಮಾಡದೆ ತನ್ನ ನೀಲಿ ಬಿಲ್ಲೆಗಳನ್ನೆಲ್ಲ ಸಾಲಾಗಿ ತಗುಲಿಸಿ ಗೋಲಿ ಆಡಲು ಹೊರಟ. ಎದುರಿನಿಂದ ದನಿ ಬಂತು. ಪೊರಕೆ ಸದ್ದು ಬರಲಿಲ್ಲವಲ್ಲ, ಬಿಲ್ಲೆ ಸದ್ದು ಮಾತ್ರ ಬಂತಲ್ಲ ಎಂದು. ಅವನು ನಾಚಿಕೊಂಡು ಎಲ್ಲ ತೆಗೆದ.

ಗೂಟ ಹಗ್ಗದ ಚಿತ್ರ ಕಂಡರೆ ಅವನಿಗೆ ಬಹಳ ನಗು. "ಬೂಬಮ್ಮ, ಗೂಟ ಅದೆ, ಅಗ್ಗ ಅದೆ, ಮೇಕೆ ಎಲ್ಲೋಯ್ತು?" ಎಂದು ಕೇಳಿದ.

"ಮೇಯಾಕೋಗದೆ," ಎಂದಳು ಬೂಬಮ್ಮ. "ನೀನ್ ನೀರಿಟ್ರೆ ಬತ್ತದೆ."

ನಾನು ಒಂದು ದಿನ ಹಟ ಹಿಡಿದೆ. ಮೇಲುಗಡೆ ಜಾಗ ಖಾಲಿ ಇದೆಯಲ್ಲ, ನಮ್ಮ ಮೂವರನ್ನೂ ಬರಿ ಎಂದು. ಅವಳು ಕುಂಚವನ್ನು ಎಣ್ಣೆಯಲ್ಲಿ ಅದ್ದಿ ಬಹಳ ಹೊತ್ತು ಒರೆಸಿದಳು.

"ಬರ್ದೋರು ಜೀವಾನೂ ಕೊಡ್ಬೇಕಾಗ್ತದೆ ಬೇಟಾ. ನನ್ತವ ಬಣ್ಣ ಅದೆ. ಜೀವ ಎಲ್ಲಿಂದ ತರ್ಲಿ?"

ಅಲ್ಲಿಗೆ ಆ ಮಾತು ಮುಗಿಯಿತು. ಜಾಗ ಖಾಲಿಯೇ ಉಳಿಯಿತು.

ನಿಜ ಹೇಳಬೇಕೆಂದರೆ ಆ ತಿಂಗಳುಗಳು ಚೆನ್ನಾಗಿದ್ದವು. ಪಾಪುವಿನ ಡ್ಯೂಟಿ ತನ್ನ ಪುಟ್ಟ ಚಾಪೆ ಸುತ್ತುವುದು ಮತ್ತು ಮೂರು ತಟ್ಟೆ ಇಡುವುದು. ತಟ್ಟೆಯನ್ನು ಎರಡು ಕೈಯಲ್ಲಿ ಎದೆಗೆ ಒತ್ತಿಕೊಂಡು ಒಂದೊಂದಾಗಿ ತರುವಳು. ಇಟ್ಟಾದ ಮೇಲೆ ನಾನು ಎತ್ತಿಕೊಂಡರೆ ಹಸಿರು ಬಿಲ್ಲೆ ತಗುಲಿಸಿ, ಟಿಣ್ ಎಂದು ತಾನೂ ಬಾಯಲ್ಲಿ ಅನ್ನುವಳು. ಅಪ್ಪ ರಜೆ ಸಿಕ್ಕಾಗ ರೈಲಿನಲ್ಲಿ ಮೈಸೂರಿಗೆ ಹೋಗಿ ಅವ್ವನನ್ನು ನೋಡಿ ಬರುತ್ತಿದ್ದರು. ಕಿಟಕಿಯಾಚೆ ನಿಂತು ಮಾತಾಡಬೇಕಂತೆ. ಅವ್ವ ಕೇಳುವುದು ತಟ್ಟೆಯ ಮಾತೇ ಅಂತೆ. ಒಂದೇ ಸಾಲು ಎಂದು ಅಪ್ಪ ಹೇಳಿದರೆ ಅವಳು ಆ ದಿನ ಹಾಲು ಕುಡಿಯುತ್ತಾಳೆ ಎಂದು ನರ್ಸಮ್ಮ ಹೇಳಿದರಂತೆ.

ಸಂಜೆ ದೀಪ ಹಚ್ಚಿ ಅಗುಳಿಯ ಬಿಲ್ಲೆಯೂ ಬಿದ್ದ ಮೇಲೆ ಬೂಬಮ್ಮ ಬೀದಿಯಾಚೆಯಿಂದ ಕೇಳುತ್ತಿದ್ದಳು.

"ಎಲ್ಲಾ ಆಯ್ತಾ ಬೇಟಾ?"

"ಆಯ್ತು ಬೂಬಮ್ಮ," ಎನ್ನುತ್ತಿದ್ದೆವು, ಮೂವರೂ ಒಟ್ಟಿಗೆ. ಆಮೇಲೆ ಅವಳು ತನ್ನ ಬಾಗಿಲು ಹಾಕಿಕೊಳ್ಳುವಳು.

ಸಂಕ್ರಾಂತಿಗೆ ಅಜ್ಜಿ ಎಳ್ಳು ಬೆಲ್ಲ ಹಿಡಿದು ಬಂದಳು. ಮನೆ ಸುತ್ತಿ ನೋಡಿದಳು, ಮಡಕೆಯ ತಳ ನೋಡಿದಳು, ಪಾಪುವಿನ ತಲೆ ಬಿಡಿಸಿ ಹೇನು ಹುಡುಕಿದಳು. ತಪ್ಪು ಸಿಗಲಿಲ್ಲ. ತಗಡಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ಸಾಬ್ರ ಎಂಗ್ಸು ಬುದ್ವಂತೆ ಕಣ್ಲಾ" ಎಂದು ಅಪ್ಪನಿಗೆ ಹೇಳಿದಳು. ಬೂಬಮ್ಮನಿಗೆ ಕೇಳಿಸಿತು. ಆ ದಿನವೆಲ್ಲ ಅವಳ ಮುಖ ನೋಡಬೇಕಿತ್ತು...

ಯುಗಾದಿಗೆ ಇನ್ನು ಸ್ವಲ್ಪ ದಿನ ಇತ್ತು. ಕಬ್ಬಿನ ಕಾಲ ಮುಗಿಯುತ್ತ ಬಂದಿತ್ತು. ಕೊನೆ ಕೊನೆಯ ಕಬ್ಬು ತರಲು ರೈತರಿಗೆ ಆತುರ, ನಮ್ಮ ಬೀದಿಯವರೆಗೂ ಗಾಡಿಗಳ ಸಾಲು. ಕಬ್ಬು ಇಳಿಸಿದ ಖಾಲಿ ಗಾಡಿಗಳೂ ಅಲ್ಲೇ ನೆರಳಿಗೆ ನಿಲ್ಲುತ್ತಿದ್ದವು, ಎತ್ತು ಬಿಚ್ಚಿ, ನೊಗ ಕಟ್ಟುವ ಮುಂದಿನ ಮರವನ್ನು, ಮೂಕಿಯನ್ನು, ನೆಲಕ್ಕೆ ಊರಿ. ಮೂಕಿ ಊರಿದ ಗಾಡಿ ಮುಂದಕ್ಕೆ ಬಾಗಿರುತ್ತದೆ, ಮಗುವೂ ಹತ್ತಬಹುದು. ಒಳಗೆ ಕಬ್ಬಿನ ಸೋಗೆಯ ಮೆತ್ತನೆ ಹಾಸು.

ಆ ದಿನ ಎಲ್ಲ ಕೆಲಸವೂ ಸರಿಯಾಗಿ ನಡೆಯಿತು. ಯಾವ ಬಿಲ್ಲೆಯೂ ತಪ್ಪಲಿಲ್ಲ. ನಾನು ಹಿತ್ತಲಲ್ಲಿ ಬಟ್ಟೆ ತೆಗೆದು ಮಡಿಸುತ್ತಿದ್ದೆ. ತಮ್ಮ ಮೇಕೆಗೆ ಸೊಪ್ಪು ತರಲು ಹೋಗಿದ್ದ. ಪಾಪು ಅವನ ಹಿಂದೆ ಹೋಗಿದ್ದಾಳೆಂದು ನಾನು, ನನ್ನ ಹತ್ತಿರ ಇದ್ದಾಳೆಂದು ಅವನು. ಅವನು ಬಂದಾಗಲೂ ನಾನು ಒಳಗೆ, ಅವನು ಮೇಕೆಯ ಹತ್ತಿರ. ಬೂಬಮ್ಮ ಎದುರಿನಿಂದ ನೋಡಿದರೆ ತಗಡು ತುಂಬಿದೆ, ಕೆಂಪು, ನೀಲಿ, ಹಸಿರು. ದೀಪ ಹಚ್ಚಿದೆ. ಅಗುಳಿಯ ಬಿಲ್ಲೆ ಬಿತ್ತು.

"ಎಲ್ಲಾ ಆಯ್ತಾ ಬೇಟಾ?"

"ಆಯ್ತು ಬೂಬಮ್ಮ."

ಎರಡೇ ದನಿ. ಮೊದಲು ಗೊತ್ತಾದದ್ದು ಅವಳಿಗೇ. ಕುಂಚ ಕೆಳಗೆ ಬಿದ್ದದ್ದು ನನಗೆ ನೆನಪಿದೆ.

ಆ ರಾತ್ರಿಯನ್ನು ಬರೆಯಲಾರೆ. ಬೀದಿಯ ಗಂಡಸರೆಲ್ಲ ಲಾಟೀನು ಹಿಡಿದು ನಾಲೆಯ ಕಡೆ ಹೋದರು. ಸಾಬರು ನೀರಿಗೆ ಇಳಿದರು. ಅಪ್ಪನಿಗೆ ಈಜು ಬಾರದು, ಅವರೂ ಇಳಿದರು... ಇಷ್ಟು ಸಾಕು.

ಪಾಪು ಸೋಗೆಯೊಳಗೆ ನಿದ್ದೆ ಹೋಗಿದ್ದಳು. ಗಾಡಿಯವನು ನೋಡದೆ ಎತ್ತು ಹೂಡಿ ಮದ್ದೂರಿನ ಕಡೆ ಹೊರಟಿದ್ದ. ದಾರಿಯಲ್ಲಿ ಎತ್ತಿಗೆ ನೀರು ಕುಡಿಸಲು ಇಳಿದಾಗ ಹಿಂದೆ ಮಗು ಅತ್ತಿತಂತೆ. ಯಾರ ಮಗಳವ್ವ ಎಂದು ಕೇಳಿದರೆ, ಸಂಕ್ರಾಂತಿಗೆ ಬಂದಾಗ ಅಜ್ಜಿ ಹೇಳಿಕೊಟ್ಟದ್ದನ್ನೇ ಹೇಳಿದಳಂತೆ, ಬೆಸಗರಹಳ್ಳಿ ಅಜ್ಜಿ ಮಗಳು ಎಂದು. ಅವನದೂ ಆ ಕಡೆಯ ಊರೇ. ಹಿಂದಕ್ಕೆ ತಿರುಗದೆ ನೇರ ಬೆಸಗರಹಳ್ಳಿಗೆ ಕರೆದೊಯ್ದು ಅಜ್ಜಿಯ ಬಾಗಿಲು ಬಡಿದ. ಒಳ್ಳೆಯ ಮನುಷ್ಯ. ಅವನದೇನೂ ತಪ್ಪಿಲ್ಲ.

ಮಾರನೆಯ ದಿನ, ಪೆಟ್ರೋಲು ಸಿಗದ ಆ ಕಾಲದಲ್ಲಿ ಓಡುತ್ತಿದ್ದ ಇದ್ದಿಲ ಗ್ಯಾಸಿನ ಬಸ್ಸು ಇಳಿದು ಅಜ್ಜಿ ಬೀದಿಯ ತುದಿಯಲ್ಲಿ ಕಾಣಿಸಿದಳು, ಕಂಕುಳಲ್ಲಿ ಪಾಪು. ಪಾಪು ಕಬ್ಬಿನ ತುಂಡು ಚೀಪುತ್ತಿದ್ದಳು. ಅಪ್ಪ ಜಗುಲಿಯಲ್ಲೇ ಕುಸಿದು ಕೂತರು. ಅವರ ಪಂಚೆಯಲ್ಲಿ ನಾಲೆಯ ಕೆಸರು ಇನ್ನೂ ಒಣಗಿರಲಿಲ್ಲ.

ಅಜ್ಜಿ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಪಾಪುವನ್ನು ಇಳಿಸಿ, ಒಂದು ಚೆಂಬು ನೀರು ಕುಡಿದು, ತಗಡಿನ ಮುಂದೆ ಹೋಗಿ ನಿಂತಳು. ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟು ಇದೇನು, ಇದೇನು ಎಂದು ನನ್ನನ್ನು ಕೇಳಿದಳು. ನಾನು ಹೇಳುತ್ತ ಹೋದೆ. ಕೊನೆಯ ಅಗುಳಿಯವರೆಗೂ ಬಂದು ಅವಳ ಬೆರಳು ಮೇಲಿನ ಖಾಲಿ ಜಾಗಕ್ಕೆ ಹೋಗಿ ನಿಂತಿತು.

"ಪೊರ್ಕೆ ಅದೆ, ಬಿಂದ್ಗೆ ಅದೆ, ಮೇಕೆ ಗೂಟಾನೂ ಅದೆ. ಕೂಸೆಲ್ಲಿ ಅದೆ?"

ಬೂಬಮ್ಮ ತನ್ನ ಹೊಸಿಲು ಇಳಿದು ಬೀದಿಯ ನಡುವೆ ಬಂದು ನಿಂತಳು. ಅವಳ ಕಣ್ಣು ಊದಿಕೊಂಡಿದ್ದವು.

"ತಪ್ಪು ನಂದೇ ದೊಡ್ಡವ್ವ. ಕೂಸ್ನ ನೋಡ್ಕಳೋದು ಒಂದ್ ಕೆಲ್ಸ ಅಂತ ನಾನೇ ಬರೀಲಿಲ್ಲ."

ಅಜ್ಜಿ ತಗಡಿನಿಂದ ಬೆರಳು ತೆಗೆದಳು. "ನಿಂದ್ಯಾಕವ್ವ ತಪ್ಪು," ಎಂದಳು. "ತಾಯಿ ಇದ್ದಿದ್ರೆ ಅದ್ಕೆ ಚಿತ್ರ ಬೇಕಾಗಿತ್ತಾ?"

ಆ ಮಾತಿನಲ್ಲಿ ಬೈಗುಳ ಇರಲಿಲ್ಲ. ಅದಕ್ಕೇ ಅಪ್ಪನಿಗೆ ಎದುರಾಡಲು ಏನೂ ಉಳಿಯಲಿಲ್ಲ. ಯುಗಾದಿಯವರೆಗೆ ಕಾಯುವ ಮಾತನ್ನು ಯಾರೂ ಎತ್ತಲಿಲ್ಲ. ನಾಳೆ ಹೊರಡುವುದೆಂದು ಆಯಿತು, ಮೂವರೂ ಮೂರು ಕಡೆಗೆ.

ಸಂಜೆ ಅಜ್ಜಿ ಜಗುಲಿಯಲ್ಲಿ ಕೂತು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಬೂಬಮ್ಮ ಬಣ್ಣದ ಡಬ್ಬ, ಕುಂಚ ಹಿಡಿದು ಬಂದು ಕೆಳಗಿನ ಮೆಟ್ಟಿಲ ಬಳಿ ನಿಂತಳು. ಅಷ್ಟು ತಿಂಗಳಲ್ಲಿ ಆ ಮೆಟ್ಟಿಲು ದಾಟಿದವಳಲ್ಲ. ಅಜ್ಜಿ ತಲೆ ಎತ್ತಿ ನೋಡಿದಳು. ಮೊರವನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು.

ಬೂಬಮ್ಮ ಮೇಲೆ ಬಂದು ತಗಡಿನ ಖಾಲಿ ಜಾಗದಲ್ಲಿ ಬರೆಯತೊಡಗಿದಳು. ಹಸಿರು ಫ್ರಾಕು. ಅದರ ಕೆಳಗೆ ಎರಡು ಪುಟ್ಟ ಕಾಲು. ಮೇಲೆ ಕಪ್ಪು ತಲೆ, ಗಿಡ್ಡ ಜಡೆ, ಜಡೆಗೆ ಕೆಂಪು ರಿಬ್ಬನ್ನು. ಬೆನ್ನು ಮಾಡಿ ನಿಂತ ಪಾಪು. ನಾನು ಮುಖಕ್ಕಾಗಿ ಕಾಯುತ್ತಿದ್ದೆ.

"ಮುಖ ಬರಿ ಬೂಬಮ್ಮ."

"ಮುಖ ಮ್ಯಾಲಿರೋನ್ ಕೆಲ್ಸ," ಎಂದಳು. "ನನ್ ಕೈಲಾದ್ದು ಇಷ್ಟೇ."

ಅವಳು ತನ್ನ ತವರಿನ ಪಾಠವನ್ನು ಎಷ್ಟು ಮುರಿದಳು, ಎಷ್ಟು ಉಳಿಸಿಕೊಂಡಳು ಎಂದು ನಾನು ಈಗಲೂ ಯೋಚಿಸುತ್ತೇನೆ. ಆ ಚಿತ್ರದಿಂದ ಇನ್ನು ಯಾರಿಗೂ ಉಪಯೋಗವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬೆಳಗಾದರೆ ಮನೆ ಖಾಲಿ. ಆದರೂ ಬರೆದಳು. ಕೆಳಗೆ ಒಂದು ಕೊಕ್ಕೆಯನ್ನೂ ಬೆಸೆಸಿದಳು. ಇದಕ್ಕೆ ಯಾರ ಬಿಲ್ಲೆ ಎಂದು ತಮ್ಮ ಕೇಳಿದ. ಮೂರೂ ಎಂದಳು.

ಬೆಳಿಗ್ಗೆ ಹೊರಡುವ ಮುಂಚೆ ಮೂವರೂ ತಗುಲಿಸಿದೆವು. ಪಾಪುವನ್ನು ಎತ್ತಿ ಹಿಡಿದದ್ದು ಅಜ್ಜಿ. ಕೆಂಪು, ನೀಲಿ, ಹಸಿರು, ಒಂದರ ಮೇಲೊಂದು. ಎದುರು ಹೊಸಿಲಲ್ಲಿ ಬೂಬಮ್ಮ ಮುಸುಕು ಎಳೆದುಕೊಂಡು ಕೂತಿದ್ದಳು. ಆ ದಿನ ಅವಳು ಎಲ್ಲಾ ಆಯ್ತಾ ಎಂದು ಕೇಳಲಿಲ್ಲ.

ಅವ್ವ ಬದುಕಿದಳು. ಮುಂದಿನ ವರ್ಷ ಮಳೆಗಾಲ ಮುಗಿದ ಮೇಲೆ ಬೆಸಗರಹಳ್ಳಿಗೆ ಬಂದಳು, ಅರ್ಧ ಅವ್ವನಾಗಿ. ಮಕ್ಕಳನ್ನು ಹತ್ತಿರ ಮಲಗಿಸಿಕೊಳ್ಳಬಾರದು, ಹೊಗೆಯಲ್ಲಿ ಕೂರಬಾರದು ಎಂದಿದ್ದರು. ತಮ್ಮ ಮಳವಳ್ಳಿಯ ಸ್ಕೂಲಿಗೆ ಸೇರಿ ಅಲ್ಲೇ ನಿಂತುಬಿಟ್ಟಿದ್ದ. ಪಾಪುವನ್ನು ಬೆಳಕವಾಡಿಯಿಂದ ಕರೆತಂದರೆ ಅವಳು ಅತ್ತೆಯ ಸೆರಗು ಬಿಡಲಿಲ್ಲ. ಅತ್ತೆಯನ್ನೇ ಅವ್ವ ಎನ್ನುತ್ತಿದ್ದಳು. ನಮ್ಮವ್ವ ಅವಳನ್ನು ಬಲವಂತ ಮಾಡಲಿಲ್ಲ. ಆ ಮಧ್ಯಾಹ್ನ ತಾನೇ ಎದ್ದು ಮೂರು ತಟ್ಟೆ ಹಾಕಿದಳು, ತಮ್ಮನದು ಹಾಗೇ ಉಳಿಯಿತು. ಆಮೇಲೆ ನಾವು ಮೂವರೂ ಒಟ್ಟಿಗೆ ಕೂತು ಉಂಡದ್ದು ನೆಂಟರಿಷ್ಟರ ಮದುವೆಗಳಲ್ಲಿ. ಅಲ್ಲಿ ಎಲೆಗಳ ಸಾಲು ಉದ್ದ, ಯಾರ ಪಕ್ಕ ಯಾರು ಕೂತರೆಂದು ನೋಡುವವರು ಯಾರು? ಪಾಪು ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದಳು, ಕೊನೆಯವರೆಗೂ. ಈಗ ಅವಳೂ ಇಲ್ಲ, ತಮ್ಮನೂ ಇಲ್ಲ.

ತಗಡನ್ನು ಅಜ್ಜಿ ಬೆಸಗರಹಳ್ಳಿಗೆ ಹೊತ್ತು ತಂದಿದ್ದಳು. ರಾಗಿ ಗುಡಾಣದ ಬಾಯಿಗೆ ಮುಚ್ಚಳವಾಗಿ ಬಹಳ ವರ್ಷ ಇತ್ತು. ಅವಸರದಲ್ಲಿ, ಅಡಿಬಣ್ಣ ಇಲ್ಲದೆ ಬರೆದದ್ದಲ್ಲವೇ, ಎಲ್ಲಕ್ಕಿಂತ ಮೊದಲು ಉದುರಿದ್ದು ಪಾಪುವಿನ ಫ್ರಾಕು. ಗೂಟ ಹಗ್ಗ ಕೊನೆಯವರೆಗೂ ಗಟ್ಟಿಯಾಗಿತ್ತು.

ನಿನ್ನೆ ಮೊಮ್ಮಗಳ ಕಿರಿಯವಳು ನನಗೂ ಒಂದು ಮ್ಯಾಗ್ನೆಟ್ ಕೊಟ್ಟಳು, ಹಳದಿಯದು. ನಿನ್ನ ಕೆಲಸ ಯಾವುದು ಅಜ್ಜಿ ಎಂದಳು. ಯೋಚಿಸಿ ಹೇಳುತ್ತೇನೆ ಎಂದೆ. ಅದು ಇನ್ನೂ ನನ್ನ ಸೆರಗಿನ ಗಂಟಿನಲ್ಲೇ ಇದೆ.

ಬೂಬಮ್ಮನನ್ನು ನಾನು ಮತ್ತೆ ನೋಡಿದ್ದು ಒಂದೇ ಸಲ, ದೇಶಕ್ಕೆ ಸ್ವಾತಂತ್ರ್ಯ ಬರುವ ಮುಂಚಿನ ಬೇಸಿಗೆಯಲ್ಲಿ. ನನ್ನನ್ನು ಮೈಸೂರಿನ ಕಾನ್ವೆಂಟಿಗೆ, ಬೋರ್ಡಿಂಗಿಗೆ ಸೇರಿಸುವುದೆಂದು ಆಗಿತ್ತು. ಅಲ್ಲಿಗೆ ಒಂದು ಟ್ರಂಕು ಬೇಕು. ಕಪ್ಪು ಬಣ್ಣ, ಮೇಲೆ ಬಿಳಿಯಲ್ಲಿ ಇನಿಷಿಯಲ್ಸ್, ಹೂವು ಗೀವು ಕೂಡದು ಎಂದು ಸಿಸ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು. ಅಪ್ಪ ನನ್ನನ್ನು ಕರೆದುಕೊಂಡು ಅದೇ ಬೀದಿಗೆ ಹೋದರು. ನಮ್ಮ ಮನೆಯಲ್ಲಿ ಬೇರೆ ಯಾರೋ ಇದ್ದರು. ಜಗುಲಿಯ ಗೋಡೆಯಲ್ಲಿ ಮೊಳೆಯ ತೂತುಗಳು ಹಾಗೇ ಇದ್ದವು.

ಅವಳು ಅದೇ ಹೊಸಿಲಲ್ಲಿ ಕೂತಿದ್ದಳು, ಕೈಯಲ್ಲಿ ಕುಂಚವಿಲ್ಲದೆ. ಎರಡು ಕಣ್ಣಿಗೂ ಪೊರೆ ಬಂದಿತ್ತು. ನನ್ನ ಮುಖವನ್ನು ಎರಡು ಕೈಯಲ್ಲಿ ಸವರಿ ಗುರುತು ಹಿಡಿದಳು. ತಮ್ಮನ ವಿಷಯ ಕೇಳಿದಳು. ಅವ್ವನ ವಿಷಯ ಕೇಳಿದಳು. ಕೊನೆಗೆ ಪಾಪುವಿನ ವಿಷಯ ಕೇಳಿದಳು. ಬೆಳಕವಾಡಿಯಲ್ಲೇ ಇದ್ದಾಳೆ, ಚೆನ್ನಾಗಿದ್ದಾಳೆ, ಅತ್ತೆಯನ್ನೇ ಅವ್ವ ಎನ್ನುತ್ತಾಳೆ ಎಂದೆ. ಅವಳ ಬೆರಳುಗಳು ಸಾಬರು ಮಾಡಿಟ್ಟಿದ್ದ ನನ್ನ ಟ್ರಂಕಿನ ಮುಚ್ಚಳದ ಮೇಲೆ ಓಡಾಡುತ್ತಿದ್ದವು, ಹೂವಿರಬೇಕಾದ ಜಾಗದಲ್ಲಿ.

"ಕೂಸ್ನ ಮೊದ್ಲೇ ಬರೀಬೇಕಿತ್ತು ಬೇಟಾ," ಎಂದಳು.

ನಾನು ಆ ಬೆರಳುಗಳನ್ನು ಹಿಡಿದುಕೊಂಡೆ.

ಅಪ್ಪ ಟ್ರಂಕನ್ನು ಜಟಕಾಕ್ಕೆ ಏರಿಸಿದರು. ನಾನು ಹತ್ತಿ ಕೂತೆ. ಕುದುರೆ ಹೆಜ್ಜೆ ಕಿತ್ತಾಗ ಹಿಂದಿನಿಂದ ಆ ದನಿ ಬಂತು, ಮೊದಲಿನ ಹಾಗೇ.

"ಎಲ್ಲಾ ಆಯ್ತಾ ಬೇಟಾ?"

"ಆಯ್ತು ಬೂಬಮ್ಮ," ಎಂದೆ, ನಾನೊಬ್ಬಳೇ.

ತಿರುಗಿ ನೋಡಿದೆ. ನಾನು ಉತ್ತರ ಕೊಟ್ಟಾದ ಮೇಲೂ ಅವಳು ಒಂದು ಕಿವಿಯನ್ನು ನಮ್ಮ ಹಳೆಯ ಜಗುಲಿಯ ಕಡೆ ವಾಲಿಸಿಕೊಂಡು ಕೂತೇ ಇದ್ದಳು...